ಕಿವಿ ಮೇಸ್ತ್ರಿಯ ಕೆಂಪು ಗುರುತು

ನನ್ನ ಗಂಡ ಸತ್ತು ಒಂದು ವರ್ಷ ನಾಲ್ಕು ತಿಂಗಳಾಯಿತು. ಸಾವಿಗೆ ಕಾರಣನಾದವನು ದಿನಾ ನನ್ನ ಮನೆ ಮುಂದೆಯೇ ಓಡಾಡುತ್ತಾನೆ. ಅವನು ನನ್ನ ಮೈದುನ. ಗಂಡನ ಬಗ್ಗೆ ಬರೆಯಲು ಕೂತರೆ ಅವನ ಬಗ್ಗೆಯೂ ಬರೆಯಬೇಕಾಗುತ್ತದೆ. ಬರೆಯುತ್ತೇನೆ. ಒಂದನ್ನೂ ಬಿಡುವುದಿಲ್ಲ.

ನಮ್ಮವರು ಗಾಡಿ ಮೆಕ್ಯಾನಿಕ್. ಎಲ್ಲರೂ ಕಿವಿ ಮೇಸ್ತ್ರಿ ಎನ್ನುತ್ತಿದ್ದರು. ಕಾರು, ವ್ಯಾನುಗಳ ಮುಂಚಕ್ರದ ಹತ್ತಿರ ಟಕ್ ಟಕ್ ಎಂದು ಸದ್ದು ಬರುತ್ತದಲ್ಲ, ಅದು ಯಾವ ಸಾಮಾನಿನದು ಎಂದು ಹೇಳುವುದರಲ್ಲಿ ಅವರಿಗೆ ಎದುರಿರಲಿಲ್ಲ. ಬೇರೆ ಶೆಡ್ಡಿನವರು ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗಿ, ಸದ್ದು ನಿಂತ ದಿನ ಕಂಡುಹಿಡಿದೆ ಎನ್ನುತ್ತಾರೆ. ನಮ್ಮವರು ಮೊದಲು ಸದ್ದಿನ ಜಾಗ ಹೇಳಿ ಆಮೇಲೆ ಪಾನಾ ಮುಟ್ಟುತ್ತಿದ್ದರು.

ತಮಾಷೆಯೆಂದರೆ ಅವರ ಬಲಗಿವಿ ಪೂರ್ತಿ ಕಿವುಡು. ಸುತ್ತಿಗೆ ಹೊಡೆದೂ ಹೊಡೆದೂ ಹೋದದ್ದು. ಊಟಕ್ಕೆ ಬನ್ನಿ ಎಂದು ಬಲಗಡೆ ನಿಂತು ಕೂಗಿದರೆ ಊಟ ಆರಿ ತಣ್ಣಗಾಗುತ್ತಿತ್ತು. ನಿಮಗೆ ಕಿವಿ ಮೇಸ್ತ್ರಿ ಅಂತ ಹೆಸರಿಟ್ಟ ಪುಣ್ಯಾತ್ಮ ಯಾರು ಎಂದು ನಾನು ಅಣಕಿಸುತ್ತಿದ್ದೆ. ಅದಕ್ಕೆ ಅವರದು ಒಂದೇ ಉತ್ತರ.

“ಕಿವಿ ಸುಳ್ಳು ಹೇಳುತ್ತೆ ಕಣೇ. ಕೈ ಹೇಳಲ್ಲ.”

ಅವರ ಪದ್ಧತಿ ಹೀಗೆ. ಶೆಡ್ಡಿನ ನಡುವೆ ಆಳೆತ್ತರದ ಒಂದು ಗುಂಡಿ. ಗಾಡಿಯನ್ನು ಅದರ ಮೇಲೆ ನಿಲ್ಲಿಸುವುದು. ಜಾಕ್ ಹಾಕಿ ಚಕ್ರ ಎತ್ತುವಂತಿಲ್ಲ. ಎತ್ತಿ ಹಿಡಿದರೆ ಕೀಲುಗಳೆಲ್ಲ ಬಿಗಿದುಕೊಂಡು ಸದ್ದು ಬಚ್ಚಿಟ್ಟುಕೊಳ್ಳುತ್ತದೆ. ನೋವಿರುವ ಕಾಲನ್ನು ಎತ್ತಿ ಮಂಚದ ಮೇಲಿಟ್ಟು ನೋವೆಲ್ಲಿದೆ ಎಂದು ಕೇಳಿದರೆ ಏನು ಗೊತ್ತಾಗುತ್ತದೆ, ನಿಲ್ಲಿಸಿ ಕೇಳಬೇಕು ಎನ್ನುತ್ತಿದ್ದರು. ಗಾಡಿ ತನ್ನ ಭಾರ ತಾನೇ ಹೊತ್ತು ನಿಂತಿರುವಾಗ ಅವರು ಗುಂಡಿಗೆ ಇಳಿಯುತ್ತಿದ್ದರು. ಮೇಲೆ ಒಬ್ಬರು ಸ್ಟೀರಿಂಗ್ ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಿರಬೇಕು. ಕೆಳಗೆ ಅವರು ಒಂದೊಂದು ಕೀಲಿನ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿ ನಿಲ್ಲುತ್ತಿದ್ದರು.

ಆ ಒಬ್ಬರು ನಾನು. ಇಪ್ಪತ್ತಮೂರು ವರ್ಷ. ಮನೆ ಶೆಡ್ಡಿಗೆ ನಾಲ್ಕು ಬಾಗಿಲು ಆಚೆ. ಒಲೆ ಆರಿಸಿ, ಕೈ ಒರೆಸಿಕೊಂಡು ಹೋಗಿ ಕೂರುತ್ತಿದ್ದೆ. “ತೊಟ್ಟಿಲು ತೂಗಿದ ಹಾಗೆ ತೂಗು, ದೂಡಬೇಡ” ಎಂದು ಕೆಳಗಿನಿಂದ ದನಿ ಬರುತ್ತಿತ್ತು. ನೂರಾರು ಗಾಡಿಗಳ ಸ್ಟೀರಿಂಗ್ ಹಿಡಿದಿದ್ದೇನೆ. ಒಂದನ್ನೂ ಒಂದು ಮಾರು ಮುಂದಕ್ಕೆ ಓಡಿಸಿಲ್ಲ. ನನಗೆ ಇವತ್ತಿಗೂ ಗಾಡಿ ಓಡಿಸಲು ಬರುವುದಿಲ್ಲ.

ಸದ್ದು ಸಿಕ್ಕಿದ ಮೇಲೆ ನನ್ನನ್ನೂ ಗುಂಡಿಗೆ ಇಳಿಸಿ, ನನ್ನ ಕೈಯನ್ನು ಅದರ ಮೇಲೆ ಇಡಿಸುತ್ತಿದ್ದರು. ಹಾಗೆ ಕಲಿತೆ. ಲಿಂಕ್ ರಾಡ್ ಸವೆದಿದ್ದರೆ ಯಾರೋ ಉಗುರಿನಿಂದ ಬಾಗಿಲು ತಟ್ಟಿದ ಹಾಗೆ. ಬುಷ್ ಹೋಗಿದ್ದರೆ ಬ್ರೇಕ್ ಒತ್ತಿದಾಗ ಧಪ್ ಎನ್ನುತ್ತದೆ, ದಪ್ಪಗಿರುವವರು ಮಂಚದ ಮೇಲೆ ಕೂತ ಹಾಗೆ. ಶಾಕ್ ಅಬ್ಸಾರ್ಬರಿನ ತಲೆಯದಾದರೆ ಗಾಡಿ ನಿಂತಿರುವಾಗಲೂ ಸ್ಟೀರಿಂಗ್ ತಿರುಗಿಸಿದರೆ ಸಾಕು, ಟಣ್ ಎಂದು ಬೈಯುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಬಾಲ್ ಜಾಯಿಂಟಿನದು. ಚಕ್ರವನ್ನು ಗಾಡಿಗೆ ಹಿಡಿದಿಟ್ಟುಕೊಳ್ಳುವ ಕೀಲು ಅದು, ಮನುಷ್ಯನ ಮಂಡಿ ಇದ್ದ ಹಾಗೆ. ಚಕ್ರ ಉಬ್ಬು ಹತ್ತಿ ಇಳಿಯುವ ಹೊತ್ತಿಗೆ ಬೆರಳು ನೆಟಿಗೆ ತೆಗೆದಂತೆ ಕಟಕ್ ಎನ್ನುತ್ತದೆ. ಆ ಸದ್ದು ಕೇಳಿದರೆ ನಮ್ಮವರು ಮಾಲೀಕನ ಕೈಯಿಂದ ಬೀಗದ ಕೈ ಕಸಿದುಕೊಳ್ಳುತ್ತಿದ್ದರು. ಅದು ಕಳಚಿದರೆ ಚಕ್ರ ಹೊರಕ್ಕೆ ಮಲಗುತ್ತದೆ. ಆಮೇಲೆ ಯಾರ ಕೈಯಲ್ಲೂ ಏನೂ ಇರುವುದಿಲ್ಲ.

ಮನೆ ಹುಡುಕುವಾಗ ಬೇರೆಯವರು ಗಾಳಿ ಬೆಳಕು ನೋಡುತ್ತಾರೆ. ನಮ್ಮವರು ರಸ್ತೆಯ ಹಂಪ್ ನೋಡಿ ಮನೆ ಹಿಡಿದರು. ಬಾಗಿಲಿಗೆ ಸರಿಯಾಗಿ ಎದುರಿಗೆ ಅದು. ಸಂಜೆ ಮೆಟ್ಟಿಲ ಮೇಲೆ ಕೂತರೆ ಹೋಗುವ ಬರುವ ಗಾಡಿಗಳೆಲ್ಲ ಅದನ್ನು ಹತ್ತಿ ಇಳಿಯಲೇಬೇಕು. ಒಂದು ದಾಟಿದ ಕೂಡಲೇ “ಹೇಳು ನೋಡೋಣ” ಎನ್ನುತ್ತಿದ್ದರು. ಎಡಗಡೆ ಲಿಂಕ್ ರಾಡ್ ಎನ್ನುತ್ತಿದ್ದೆ. ಅಲ್ಲ, ಬಲಗಡೆ ಬುಷ್ ಎನ್ನುತ್ತಿದ್ದರು. ಆ ಗಾಡಿ ಶೆಡ್ಡಿಗೆ ಬರುವವರೆಗೆ ಜಗಳ. ನಾನೇ ಗೆದ್ದ ದಿನಗಳೂ ಇವೆ. ಗೆದ್ದ ದಿನ ಪಾತ್ರೆ ಅವರು ತೊಳೆಯಬೇಕು. ಗ್ರೀಸಿನ ಕೈಯಲ್ಲಿ ತೊಳೆದ ಪಾತ್ರೆಯನ್ನು ಮತ್ತೆ ನಾನೇ ತೊಳೆಯುತ್ತಿದ್ದೆ ಎನ್ನುವುದು ಬೇರೆ ಮಾತು.

ಇನ್ನು ಕೆಂಪು ಗುರುತು. ಬಾಲ್ ಜಾಯಿಂಟಿನ ತುದಿಗೆ ಮರೆ, ಅಂದರೆ ತಿರುಪು ಸುತ್ತಿದ ಒಂದು ಗಿಡ್ಡ ಕಂಬಿ ಇರುತ್ತದೆ, ಅದಕ್ಕೆ ನಟ್ಟು ಬಿಗಿಯುತ್ತಾರೆ. ನಟ್ಟು ತಾನಾಗಿ ಬಿಚ್ಚಿಕೊಳ್ಳದಿರಲಿ ಎಂದು ಮರೆಯ ತೂತಿನಲ್ಲಿ ಒಂದು ಪಿನ್ನು ತೂರಿಸಿ ಅದರ ಎರಡು ಕಾಲು ಮಡಿಚುತ್ತಾರೆ. ಕಡ್ಡಿಯಷ್ಟು ಪಿನ್ನು. ಗಾಡಿಯಲ್ಲಿ ಕೂತವರ ಜೀವ ಅದರ ಮೇಲೆ. ಪಿನ್ನು ಮಡಿಚಿದ ಮೇಲೆ ನಮ್ಮವರು ಕೊನೆಗೆ ಅದರ ಮೇಲೆ ಕೆಂಪು ಬಣ್ಣದ ಒಂದು ಗೆರೆ ಎಳೆಯುತ್ತಿದ್ದರು. ಇದು ಮುಗಿಯಿತು, ಇದನ್ನು ಇನ್ನು ನೋಡಬೇಕಿಲ್ಲ ಎಂದು ಅದರ ಅರ್ಥ. ಬಣ್ಣ ಎಂದರೆ ನನ್ನ ಉಗುರು ಬಣ್ಣ. ಮದುವೆಯ ಹೊಸದರಲ್ಲಿ ತಂದುಕೊಟ್ಟಿದ್ದರು. ಪಾತ್ರೆ ಬಟ್ಟೆಯಲ್ಲಿ ಮುಳುಗುವ ಕೈಗೆ ಅದೆಲ್ಲ ನಿಲ್ಲುತ್ತದೆಯೇ? ಶೆಡ್ಡಿಗೆ ತೆಗೆದುಕೊಂಡು ಹೋಗಿ ಎಂದೆ. ಮುಗಿದಂತೆಲ್ಲ ಅದೇ ಕೆಂಪಿನ ಸೀಸೆ ಮತ್ತೆ ತರುತ್ತಿದ್ದರು. ಅಂಗಡಿಯವಳು, ಮೇಸ್ತ್ರಿ ಹೆಂಡತಿಗೆ ಹತ್ತು ಬೆರಳೋ ನೂರೋ ಎಂದು ಕೇಳಿದ್ದಳಂತೆ.

ಈಗ ಮೈದುನ. ಅತ್ತೆ ತೀರಿಕೊಂಡಾಗ ಅವನಿಗೆ ಹನ್ನೊಂದು ವರ್ಷ. ನನ್ನ ಕೈತುತ್ತು ತಿಂದು ಬೆಳೆದ. ಅವನ ಜ್ವರಕ್ಕೆ ನಾನು ಎಚ್ಚರವಿದ್ದೇನೆ. ನಮಗೆ ಮಕ್ಕಳಾಗಲಿಲ್ಲ. ಇವನಿದ್ದಾನಲ್ಲ ಎಂದುಕೊಂಡೆವು. ಬೆಳೆದ ಮೇಲೆ ಅಣ್ಣನ ಜೊತೆ ಶೆಡ್ಡಿಗೆ ಬಂದ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಗುಂಡಿಗೆ ಇಳಿಯುವುದು ಅವನಿಗೆ ನಾಚಿಕೆ. ಜಾಕ್ ಹಾಕುತ್ತಿದ್ದ, ಚಕ್ರ ಅಲ್ಲಾಡಿಸುತ್ತಿದ್ದ, ಯಾವುದೋ ಒಂದು ಸಾಮಾನು ಬದಲಾಯಿಸುತ್ತಿದ್ದ. ಪಿನ್ನು ಹಾಕುವುದು ಗೋಜಿನ ಕೆಲಸ ಎಂದು, ಕೈಯಲ್ಲಿ ಸೀಸೆ ಇದ್ದಾಗಲೇ ಮೊದಲು ಬಣ್ಣ ಬಳಿದು ಪಿನ್ನು ಆಮೇಲೆ ಎನ್ನುತ್ತಿದ್ದ. ಇದಕ್ಕಾಗಿ ಅಣ್ಣನಿಂದ ಒಮ್ಮೆ ಕಪಾಳಕ್ಕೆ ಏಟನ್ನೂ ತಿಂದಿದ್ದ. ನಮ್ಮವರು ಅವನ ಮೇಲೆ ಕೈ ಎತ್ತಿದ್ದು ಅದೊಂದೇ ಸಲ. ಇನ್ನೂ ನಾಲ್ಕು ಬಿಡಬೇಕಿತ್ತು.

ಅವತ್ತು ನನ್ನ ದವಡೆ ಹಲ್ಲು ಕೀಳಿಸಬೇಕಿತ್ತು. ಮುಖ ಊದಿತ್ತು. ನಮ್ಮವರು ಬೆಳಿಗ್ಗೆಯೇ ನನ್ನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಸಂಜೆಯವರೆಗೂ ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದರು. ಆ ದಿನ ಸಾಮಾನು ಸಾಗಿಸುವ ಒಂದು ವ್ಯಾನು ಶೆಡ್ಡಿಗೆ ಬಂತು. ಮುಂದಿನ ಎಡಗಡೆ ಲೋಯರ್ ಆರ್ಮ್, ಅಂದರೆ ಬಾಲ್ ಜಾಯಿಂಟ್ ಕೂರಿಸಿರುವ ಕಬ್ಬಿಣದ ತೋಳು, ಅದನ್ನು ಮೈದುನ ಒಬ್ಬನೇ ಬದಲಾಯಿಸಿ ಕಳಿಸಿದ. ಹದಿನೆಂಟನೇ ದಿನ ಇಳಿಜಾರಿನಲ್ಲಿ ಅದರ ಚಕ್ರ ಮಲಗಿತು. ವ್ಯಾನು ಮೋರಿಗೆ ಹೊಡೆಯಿತು. ಡ್ರೈವರನ ಬಲಗಾಲ ಮಂಡಿ ಪುಡಿಯಾಯಿತು. ಅದು ಮತ್ತೆ ಮಡಿಚಲಿಲ್ಲ.

ವ್ಯಾನಿನ ಯಜಮಾನ ಮುರಿದ ತೋಳನ್ನು ತಂದು ಶೆಡ್ಡಿನ ಮುಂದೆ ಎಸೆದ. ನಟ್ಟು ರಸ್ತೆಯಲ್ಲೆಲ್ಲೋ ಬಿದ್ದುಹೋಗಿತ್ತು. ಮರೆಯ ಮೇಲೆ ಕೆಂಪು ಗೆರೆ ಎದ್ದು ಕಾಣುತ್ತಿತ್ತು. ಇಡೀ ಬೀದಿ ಸೇರಿತ್ತು. ಕಿವಿ ಮೇಸ್ತ್ರಿಯ ಗುರುತು ಎಂದು ಎಲ್ಲರಿಗೂ ಗೊತ್ತು. ಯಜಮಾನ ಕೇಳಿದ, ಈ ಕೆಲಸ ಯಾರದು?

ನಾನು ಅಲ್ಲೇ ಇದ್ದೆ. ಮೈದುನ ತಲೆ ತಗ್ಗಿಸಿ ಹೇಳಿದ ಮಾತು ಒಂದಕ್ಷರ ಮರೆತಿಲ್ಲ.

“ಅಣ್ಣನೇ ಮಾಡಿದ್ದು. ನಾನು ಊಟಕ್ಕೆ ಹೋಗಿದ್ದೆ.”

ಸುಳ್ಳು, ಅವತ್ತು ಇವರು ನನ್ನ ಜೊತೆಗಿದ್ದರು ಎಂದು ನಾನು ಕೂಗಿದೆ. ಹೆಂಡತಿ ಗಂಡನ ಕಡೆ ಹೇಳದೆ ಇನ್ನೇನು ಹೇಳುತ್ತಾಳೆ ಎಂದು ಯಾರೋ ನಕ್ಕರು. ನಮ್ಮವರು ತೋಳನ್ನು ಎತ್ತಿಕೊಂಡು, ಮರೆಯನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಆಮೇಲೆ ತಮ್ಮನ ಮುಖ ನೋಡಿದರು. ಆಮೇಲೆ ಹೇಳಿದರು, “ನನ್ನ ಗುರುತು ಇದ್ದರೆ ನನ್ನದೇ ಕೆಲಸ.”

ಮನೆಗೆ ಬಂದ ಮೇಲೆ ಜಗಳವಾಡಿದೆ. ಪಾತ್ರೆ ಎಸೆದೆ. ವಾರಗಿತ್ತಿ ಆಗ ಬಸುರಿ, ಏಳು ತಿಂಗಳು. ತಮ್ಮನ ಹೆಸರು ಈಗಷ್ಟೇ ಮೊಳಕೆ, ಮುರಿದರೆ ಮತ್ತೆ ಬರಲ್ಲ, ನನ್ನದು ಹಳೇ ಮರ, ತಡೆಯುತ್ತೆ ಎಂದರು. ಅವನಾಗಿ ಬಂದು ಹೇಳುತ್ತಾನೆ, ಕಾಯಿ ಎಂದರು. ನಾನು ಬಾಯಿ ಬಿಡಬಾರದು ಎಂದು ಮಾತು ತೆಗೆದುಕೊಂಡರು. ಕೊಟ್ಟೆ. ಅದು ನನ್ನ ತಪ್ಪು.

ಹಳೇ ಮರ ತಡೆಯಲಿಲ್ಲ. ಒಬ್ಬೊಬ್ಬರೇ ಗಾಡಿ ಬೇರೆ ಕಡೆಗೆ ಒಯ್ದರು. ಆಸ್ಪತ್ರೆಯಿಂದ ಬಂದ ಡ್ರೈವರ್ ಊರುಗೋಲು ಊರಿಕೊಂಡು ಶೆಡ್ಡಿನ ತನಕ ನಡೆದು ಬಂದ. ನಮ್ಮವರು ಎದ್ದು ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

“ಮೇಸ್ತ್ರಿ, ನನ್ನ ಮಂಡಿ ಮೇಲೂ ಒಂದು ಕೆಂಪು ಗುರುತು ಎಳೆದುಬಿಡಿ. ಇದೂ ಮುಗೀತು.”

ಅಷ್ಟೇ ಹೇಳಿ ಹೋದ. ಮೈದುನ ಅಲ್ಲೇ ನಿಂತು ಪಾನಾ ಒರೆಸುತ್ತಿದ್ದ. ಒರೆಸುತ್ತಲೇ ಇದ್ದ.

ಆಮೇಲೆ ಏಳು ತಿಂಗಳು ನಮ್ಮವರು ಬದುಕಿದರು. ಮೆಟ್ಟಿಲ ಮೇಲೆ ಕೂರುತ್ತಿದ್ದರು, ಗಾಡಿಗಳು ಹಂಪ್ ದಾಟುತ್ತಿದ್ದವು, ಹೇಳು ನೋಡೋಣ ಎನ್ನುತ್ತಿರಲಿಲ್ಲ. ನಾನೇ ಕೇಳಿದರೆ ಬಲಗಿವಿಯನ್ನು ನನ್ನ ಕಡೆ ತಿರುಗಿಸುತ್ತಿದ್ದರು. ಒಂದು ಮಧ್ಯಾಹ್ನ ಗೋಡೆಗೆ ಒರಗಿದವರು ಹಾಗೆಯೇ ಇದ್ದರು. ಹೃದಯ ನಿಂತಿತು ಎಂದರು ಡಾಕ್ಟರು. ಯಾಕೆ ನಿಂತಿತು ಎಂದು ಅವರಿಗೇನು ಗೊತ್ತು? ಎಲ್ಲರಿಗಿಂತ ಜೋರಾಗಿ ಅತ್ತವನು ಮೈದುನ. ಅವನನ್ನು ಹಿಡಿದುಕೊಳ್ಳಲು ಇಬ್ಬರು ಬೇಕಾದರು. ನಾನು ಅಳಲಿಲ್ಲ. ಗಂಡ ಹೋದರೂ ಕಲ್ಲಿನ ಹಾಗೆ ಕೂತಿದ್ದಾಳೆ ಎಂದು ಬೀದಿಯವರು ಆಡಿಕೊಂಡರು. ನಾನು ಕೊಟ್ಟ ಮಾತು ಹೆಣದ ಜೊತೆಗೆ ಹೋಯಿತು ಎಂದು ಲೆಕ್ಕ ಹಾಕುತ್ತಿದ್ದೆ.

ಒಂದು ವಾರ ಕಳೆಯುವುದರೊಳಗೆ ಶೆಡ್ಡಿಗೆ ಹೊಸ ಬೋರ್ಡು ಬಂತು, ಮೈದುನನ ಹೆಸರಿನಲ್ಲಿ. ಗುಂಡಿಯ ಮೇಲೆ ಹಲಗೆ ಮುಚ್ಚಿದ. ಸೀಸೆಯನ್ನು ಮಾತ್ರ ಇಟ್ಟುಕೊಂಡ. ಅಣ್ಣನ ನೆನಪಿಗೆ ಗುರುತು ಹಾಕುತ್ತೇನೆ ಎಂದು ಬಂದವರ ಮುಂದೆ ಹೇಳುತ್ತಿದ್ದನಂತೆ. ವಾರಗಿತ್ತಿಯೇ ಬಂದು ಹೇಳಿದಳು, ಪಾಪ, ಅವಳಿಗೇನೂ ಗೊತ್ತಿಲ್ಲ. ನಾನು ಹಿತ್ತಲಿಗೆ ಹೋಗಿ, ಹಳೆಯ ಬಕೆಟ್ಟಿನ ಕೆಳಗೆ ಗೋಣಿಯಲ್ಲಿ ಸುತ್ತಿಟ್ಟಿದ್ದ ಆ ವ್ಯಾನಿನ ತೋಳನ್ನು ತೆಗೆದು ನೋಡಿದೆ. ನಮ್ಮವರು ಅದನ್ನು ಎಸೆದಿರಲಿಲ್ಲ. ಅವತ್ತು ಅವರು ಬೆಳಕಿಗೆ ಹಿಡಿದು ಏನು ನೋಡಿದರೋ ಅದನ್ನು ನಾನೂ ನೋಡಿದೆ. ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟುಕೊಂಡೆ. ದಿನಾ ಅಡುಗೆ ಮಾಡುವಾಗ ಅದು ನನ್ನ ಜೊತೆಗಿರುತ್ತಿತ್ತು.

ನನಗೆ ಬೇಕಾದದ್ದು ಒಂದೇ. ಅದೇ ಶೆಡ್ಡಿನ ಮುಂದೆ, ಅದೇ ಜನರ ಎದುರಿಗೆ, ಆ ಡ್ರೈವರನ ಮುಖ ನೋಡಿ, ಮೈದುನ ತನ್ನ ಬಾಯಿಂದ ಹೇಳಬೇಕು. ಅದು ಆಗುವವರೆಗೆ ಸಾಯುವುದಿಲ್ಲ ಎಂದು ಕಾದೆ. ಉಪ್ಪು ತಿಂದವನಿಗೆ ಬಾಯಾರಿಕೆ ಆಗಲೇಬೇಕು.

ಎಂಟು ತಿಂಗಳಾದ ಮೇಲೆ ಒಂದು ಸಂಜೆ ವ್ಯಾನಿನ ಯಜಮಾನನ ಬಿಳಿ ಕಾರು ನನ್ನ ಮನೆ ಮುಂದಿನ ಹಂಪ್ ಇಳಿಯಿತು. ಕಟಕ್.

ಎಡಗಡೆ ಮುಂಚಕ್ರ. ನಾನು ಸೊಪ್ಪು ಸೋಸುತ್ತಿದ್ದೆ, ಕೈ ನಿಂತಿತು. ಆ ಕಾರಿನ ಕಥೆ ವಾರಗಿತ್ತಿಯಿಂದ ಕೇಳಿದ್ದೆ. ಸಣ್ಣ ಸದ್ದು ಎಂದು ಮೈದುನನ ಹತ್ತಿರ ಬಂದಿತ್ತು. ಅವನು ಜಾಕ್ ಹಾಕಿ ನೋಡಿ ಲೋಯರ್ ಆರ್ಮ್ ಬದಲಾಯಿಸಿದ. ಎರಡು ವಾರ ಸುಮ್ಮನಿತ್ತು. ಮತ್ತೆ ಸದ್ದು. ಶಾಕ್ ಅಬ್ಸಾರ್ಬರ್ ಬದಲಾಯಿಸಿದ. ಮತ್ತೆ ಸದ್ದು. ಲಿಂಕ್ ರಾಡ್ ಬದಲಾಯಿಸಿದ. ಸದ್ದು ದಪ್ಪವಾಯಿತು. ಮೂರು ಸಲ ಕಾರಿನ ಕೆಳಗೆ ಹೋದವನು ಬಾಲ್ ಜಾಯಿಂಟಿನ ಕಡೆ ನೋಡಲಿಲ್ಲ. ಯಾಕೆಂದರೆ ಅಲ್ಲಿ ಅವನೇ ಎಳೆದ ಕೆಂಪು ಗುರುತು ಇತ್ತು. ಗುರುತು ಇದ್ದದ್ದು ಮುಗಿದ ಕೆಲಸ ಎಂದು ಅಣ್ಣ ಕಲಿಸಿದ್ದ. ಹೊಸ ಬಾಲ್ ಜಾಯಿಂಟು ಸುಮ್ಮಸುಮ್ಮನೆ ಕಟಕ್ ಎನ್ನುವುದಿಲ್ಲ. ನಟ್ಟು ಬಿಚ್ಚಿಕೊಳ್ಳುತ್ತಿದ್ದರೆ ಮಾತ್ರ ಎನ್ನುತ್ತದೆ. ನಟ್ಟು ಯಾವಾಗ ಬಿಚ್ಚಿಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು.

ನಾಲ್ಕು ದಿನ ನಾನು ಸುಮ್ಮನಿದ್ದೆ. ಬರೆಯುತ್ತೇನೆ ಎಂದೆನಲ್ಲ, ಇದನ್ನೂ ಬರೆಯುತ್ತೇನೆ. ಚಕ್ರ ಮಲಗಲಿ ಎಂದುಕೊಂಡೆ. ನಮ್ಮವರ ಮುಂದೆ ಕಬ್ಬಿಣ ಎಸೆದವನು ತಾನೇ ಮೋರಿಗೆ ಹೋಗಲಿ, ಮೈದುನನನ್ನು ಪೊಲೀಸರು ಒಯ್ಯಲಿ. ಬೆಳಿಗ್ಗೆ ಸಂಜೆ ಮೆಟ್ಟಿಲ ಮೇಲೆ ಕೂತು ಆ ಸದ್ದು ಕೇಳಿಸಿಕೊಂಡೆ. ಕಿವಿಗೆ ಹಿತವಾಗಿತ್ತು. ನಾಲ್ಕನೇ ದಿನ ಕಾರಿನ ಮುಂದಿನ ಎಡಗಡೆ ಸೀಟಿನಲ್ಲಿ ಯಜಮಾನನ ತಾಯಿ ಕೂತಿದ್ದಳು. ಕಿಟಕಿಯಿಂದ ನನ್ನನ್ನು ನೋಡಿ, ಊಟ ಆಯ್ತಾ ಎಂಬಂತೆ ಕೈ ಆಡಿಸಿದಳು. ಹಂಪ್ ಇಳಿಯಿತು. ಕಟಕ್, ಕಟಕ್. ಎರಡು ಸಲ.

ಮುದುಕಿಯ ಮೇಲೆ ಕರುಣೆ ಬಂತು ಎಂದು ಹೇಳಿಕೊಂಡರೆ ಒಳ್ಳೆಯವಳಾಗುತ್ತೇನೆ. ಬಂತೋ ಏನೋ. ನನಗೆ ಹೊಳೆದದ್ದು ಬೇರೆ. ಚಕ್ರ ಕಳಚಿದರೆ ನಟ್ಟು ಮತ್ತೆ ರಸ್ತೆಯಲ್ಲಿ ಬಿದ್ದುಹೋಗುತ್ತದೆ. ಕೆಂಪು ಗುರುತು ಮತ್ತೆ ಕಾಣುತ್ತದೆ. ಅಣ್ಣ ಕಲಿಸಿದ ರೀತಿಯೇ ಹೀಗೆ ಎಂದು ಅವನು ಸತ್ತವರ ಮೇಲೆ ಗೂಬೆ ಕೂರಿಸುತ್ತಾನೆ. ನನ್ನ ಕೈಗೆ ಬಂದ ಸಾಕ್ಷಿ ಮೋರಿಯ ಪಾಲಾಗುತ್ತದೆ. ಅದನ್ನು ನಾನು ಬಿಡುವವಳಲ್ಲ.

ಅವತ್ತೇ ಮೊದಲು ಡ್ರೈವರನ ಮನೆಗೆ ಹೋದೆ. ಅವನು ಈಗ ಪಾರ್ಸೆಲ್ ಆಫೀಸಿನಲ್ಲಿ ಕೂತು ಚೀಟಿ ಅಂಟಿಸುತ್ತಾನೆ. ನಾಳೆ ಹತ್ತು ಗಂಟೆಗೆ ಶೆಡ್ಡಿಗೆ ಬಾ, ನಿನ್ನ ಮಂಡಿ ಮುರಿದವನನ್ನು ತೋರಿಸುತ್ತೇನೆ ಎಂದೆ. ಅವನು ಸತ್ತುಹೋದನಲ್ಲ ಎಂದ. ಬಾ ಎಂದೆ. ಅಲ್ಲಿಂದ ಯಜಮಾನನ ಮನೆಗೆ. ಕಾರನ್ನು ಮನೆಯಿಂದ ಶೆಡ್ಡಿಗೆ ಬಿಟ್ಟರೆ ಬೇರೆಲ್ಲಿಗೂ ಓಡಿಸಬೇಡಿ, ಓಡಿಸಿದರೂ ನಡೆಯುವ ವೇಗದಲ್ಲಿ, ತಾಯಿಯನ್ನು ಕೂರಿಸಬೇಡಿ ಎಂದೆ. ಸದ್ದು ನಾನು ಕಂಡುಹಿಡಿದುಕೊಡುತ್ತೇನೆ ಎಂದೆ. ಅವನು ನಗಲಿಲ್ಲ. ಮೂರು ಸಲ ಸಾಮಾನು ಬದಲು ಮಾಡಿಸಿದವನಿಗೆ ನಗು ಎಲ್ಲಿಂದ ಬರಬೇಕು?

ಮರುದಿನ ಹತ್ತಕ್ಕೆ ಶೆಡ್ಡಿನ ಮುಂದೆ ಬೀದಿಯ ಜನ ಸೇರಿದ್ದರು. ನಾನು ಯಾರನ್ನೂ ಕರೆದಿರಲಿಲ್ಲ. ಮೇಸ್ತ್ರಿಯ ಹೆಂಡತಿ ಕಾರು ರಿಪೇರಿಗೆ ಹೋಗುತ್ತಾಳಂತೆ ಎಂದರೆ ಕರೆಯಬೇಕಾಗಿಲ್ಲ. ಟೀ ಅಂಗಡಿಯವನು ಕೆಟಲ್ ಸಮೇತ ಬಂದಿದ್ದ. ಡ್ರೈವರ್ ಊರುಗೋಲಿಗೆ ಗದ್ದ ಊರಿ ನಿಂತಿದ್ದ.

ಮೈದುನ ನನ್ನ ಕೈಯಲ್ಲಿದ್ದ ಬಟ್ಟೆ ಚೀಲ ನೋಡಿ, ಏನು ಅತ್ತಿಗೆ, ತರಕಾರಿಗೆ ಹೊರಟಿರಾ ಎಂದ. ಎಲ್ಲರೂ ನಕ್ಕರು. ನಾನು ಯಜಮಾನನಿಗೆ ಹೇಳಿದೆ, ಸದ್ದು ಸಿಕ್ಕಿದರೆ ನನಗೆ ಬೇರೇನೂ ಬೇಡ, ನನ್ನ ಒಂದು ಪ್ರಶ್ನೆಗೆ ಇವನು ಎಲ್ಲರ ಎದುರು ನಿಜ ಹೇಳಬೇಕು.

“ಅತ್ತಿಗೆ, ಸ್ಟೀರಿಂಗ್ ಹಿಡಿದು ಕೂತವರೆಲ್ಲ ಮೇಸ್ತ್ರಿ ಆಗಲ್ಲ.”

“ಸೀಸೆ ಹಿಡಿದು ನಿಂತವರೂ ಆಗಲ್ಲ ಕಣೋ.”

ಈ ಸಲ ಎಲ್ಲರೂ ಅವನನ್ನು ನೋಡಿ ನಕ್ಕರು. ಒಪ್ಪದೆ ಅವನಿಗೆ ದಾರಿ ಇರಲಿಲ್ಲ. ಆಗಲಿ, ನೋಡಿ ಎಂದ. ಜಾಕ್ ತರಲು ಹೋದ. ಬೇಡ, ಹಲಗೆ ತೆಗೆಸು ಎಂದೆ. ಗುಂಡಿಯ ಮೇಲಿನ ಹಲಗೆಗಳನ್ನು ಟೀ ಅಂಗಡಿಯವನೂ ಯಜಮಾನನೂ ಎತ್ತಿದರು. ಒಳಗೆ ಜೇಡರ ಬಲೆ. ನಮ್ಮವರು ಕೈ ಒರೆಸುತ್ತಿದ್ದ ಚಿಂದಿ ಮೊಳೆಗೆ ಹಾಗೆಯೇ ನೇತಾಡುತ್ತಿತ್ತು. ನಾನು ಸೀರೆ ಎತ್ತಿ ಕಟ್ಟಿಕೊಂಡು ಇಳಿದೆ. ಕಾರು ತಲೆಯ ಮೇಲೆ ಬಂದು ನಿಂತಿತು. ಮೈದುನನನ್ನು ಸ್ಟೀರಿಂಗಿಗೆ ಕೂರಿಸಿದೆ.

“ತೊಟ್ಟಿಲು ತೂಗಿದ ಹಾಗೆ ತೂಗು. ದೂಡಬೇಡ.”

ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟೆ. ಲಿಂಕ್ ರಾಡ್ ಗಟ್ಟಿ. ಬುಷ್ ಗಟ್ಟಿ. ಎಡಗಡೆ ಬಾಲ್ ಜಾಯಿಂಟಿನ ಮೇಲೆ ಕೈ ಇಟ್ಟ ಕೂಡಲೇ ಅದು ಬೆರಳಿಗೆ ಕುಟ್ಟಿತು, ಒಳಗಿನಿಂದ ಯಾರೋ ಬಾಗಿಲು ತೆಗೆಯಿರಿ ಎಂದಂತೆ. ಟಾರ್ಚ್ ಹಾಕಿದೆ. ನೋಡಬೇಕಾದದ್ದೆಲ್ಲ ಅಲ್ಲಿತ್ತು. ಆದರೆ ನಾನು ಹೇಳಲಿಲ್ಲ. ಮೇಲೆ ಬಂದೆ. ಟಾರ್ಚನ್ನು ಮೈದುನನ ಕೈಗೆ ಕೊಟ್ಟು, ಈಗ ನೀನು ಇಳಿ, ಎಡಗಡೆ ಬಾಲ್ ಜಾಯಿಂಟ್ ನೋಡು, ಕಂಡದ್ದನ್ನು ಗಟ್ಟಿಯಾಗಿ ಹೇಳು ಎಂದೆ. ನಾನು ಹೋಗಿ ಸ್ಟೀರಿಂಗ್ ಹಿಡಿದು ಕೂತೆ. ನನ್ನ ಜಾಗ ಅದು.

ಅವನು ಇಳಿದ. ನಾನು ತೂಗಿದೆ.

“ನಟ್ಟು ಹೇಗಿದೆ?” ಎಂದೆ.

“ಸಡಿಲ ಆಗಿದೆ.” ಗುಂಡಿಯೊಳಗಿನಿಂದ ದನಿ ಸಣ್ಣಗೆ ಬಂತು.

“ಗಟ್ಟಿಯಾಗಿ. ಗುರುತು ಇದೆಯಾ?”

“ಇದೆ.”

“ಪಿನ್ನು?”

ಡ್ರೈವರ್ ಊರುಗೋಲು ಊರಿಕೊಂಡು ಗುಂಡಿಯ ಅಂಚಿಗೆ ಬಂದು ನಿಂತ.

“ಪಿನ್ನು ಇದೆಯಾ ಇಲ್ಲವಾ?”

“ಇಲ್ಲ.”

“ಪಿನ್ನಿನ ತೂತಿನೊಳಗೆ ಏನಿದೆ?”

“ಬಣ್ಣ.”

ಯಜಮಾನನ ಮುಖ ಬಿಳುಪಾಯಿತು. ತಾಯಿ ನೆನಪಾಗಿರಬೇಕು. ಆದರೂ ಕೇಳಿದ, ಇದಕ್ಕೂ ಆ ವ್ಯಾನಿಗೂ ಏನಮ್ಮಾ ಸಂಬಂಧ? ನಾನು ಇಳಿದು ಬಂದು ಚೀಲದಿಂದ ಹಳೆಯ ತೋಳನ್ನು ತೆಗೆದು ಅವನ ಕೈಗೆ ಕೊಟ್ಟೆ. ನೀವೇ ಎಸೆದದ್ದು, ಈಗ ನೀವೇ ನೋಡಿ, ತೂತಿನೊಳಗೆ ನೋಡಿ ಎಂದೆ. ಸಣ್ಣ ತೂತು. ಅದರ ತುಂಬ ಗಟ್ಟಿಯಾದ ಕೆಂಪು. ಅವನು ಕಡ್ಡಿಯಿಂದ ಚುಚ್ಚಿ ನೋಡಿದ. ಕಡ್ಡಿ ಮುರಿಯಿತು.

ಪಿನ್ನು ಹಾಕಿದ್ದರೆ ಆ ತೂತಿಗೆ ಬಣ್ಣ ಇಳಿಯಲು ಜಾಗವೆಲ್ಲಿ ಎಂದು ಕೇಳಿದೆ. ನನ್ನ ಗಂಡ ಪಿನ್ನು ಮಡಿಚಿದ ಮೇಲೆ ಬಣ್ಣ ಎಳೆಯುತ್ತಿದ್ದರು. ಮೊದಲು ಬಣ್ಣ ಬಳಿದು ಪಿನ್ನು ಮರೆಯುವ ಕೈ ಇನ್ನೊಂದು. ಆ ಕೈ ವ್ಯಾನಿಗೆ ಮಾಡಿದ್ದನ್ನೇ ಈ ಕಾರಿಗೂ ಮಾಡಿದೆ. ವ್ಯಾನಿಗೆ ಮಾಡಿದ್ದು ಸತ್ತವರು ಎಂದಾದರೆ, ಈ ಕಾರಿಗೂ ಅವರೇ ಎದ್ದು ಬಂದು ಬಳಿದರಾ?

ಟೀ ಅಂಗಡಿಯವನು ಕೆಟಲನ್ನು ನೆಲಕ್ಕಿಟ್ಟ.

ನಾನು ಗುಂಡಿಯ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತೆ. ಮೈದುನ ಕೆಳಗಿನಿಂದ ನನ್ನನ್ನು ನೋಡಿದ. ಹನ್ನೊಂದು ವರ್ಷದವನು ನೋಡಿದ ಹಾಗೆಯೇ ನೋಡಿದ. ಅದು ನನಗೆ ಹಿಡಿಸಲಿಲ್ಲ.

“ವ್ಯಾನಿನ ಕೆಲಸ ಯಾರದು?”

“ಅತ್ತಿಗೆ…”

“ನನಗಲ್ಲ. ಅವನಿಗೆ ಹೇಳು.”

ಅವನು ಡ್ರೈವರನ ಕಡೆ ತಿರುಗಿದ. ಗುಂಡಿಯಲ್ಲಿ ನಿಂತವನ ಕಣ್ಣಿಗೆ ನೇರವಾಗಿ ಆ ಮಡಿಚದ ಮಂಡಿ.

“ನಂದೇ ಕಣಣ್ಣಾ. ಅಣ್ಣ ಅವತ್ತು ಶೆಡ್ಡಿಗೇ ಬಂದಿರಲಿಲ್ಲ. ನಾನೇ ಮಾಡಿದ್ದು. ಸುಳ್ಳು ಹೇಳಿದ್ದೂ ನಾನೇ.”

ಡ್ರೈವರ್ ಅವನನ್ನು ಬೈಯಲಿಲ್ಲ. ಅವನ ಕಡೆ ನೋಡಲೂ ಇಲ್ಲ. ನನ್ನ ಹತ್ತಿರ ಬಂದ. ಮೇಸ್ತ್ರಿಗೆ ನಾನು ಆ ಮಾತು ಅಂದಿದ್ದೆನಲ್ಲ, ಅದನ್ನು ಹೇಗೆ ವಾಪಸ್ಸು ತೆಗೆದುಕೊಳ್ಳಲಿ ಎಂದ. ಆಗುವುದಿಲ್ಲ ಎಂದೆ. ಆಗುವುದಿಲ್ಲವಲ್ಲ. ಅವನು ಊರುಗೋಲು ಊರಿಕೊಂಡು ಹೋದ.

ಮೈದುನ ಮೇಲೆ ಬಂದು ನನ್ನ ಕಾಲು ಹಿಡಿದ. ಚಪ್ಪಲಿಯಲ್ಲಿ ಹೊಡೆಯಿರಿ ಎಂದ. ಕಾಲು ಹಿಂದಕ್ಕೆ ಎಳೆದುಕೊಂಡೆ. ಹೊಡೆದರೆ ಅಲ್ಲಿಗೆ ತೀರಿತು, ಅದನ್ನು ಅವನಿಗೆ ಯಾಕೆ ಕೊಡಲಿ? ಇವನನ್ನು ಇಲ್ಲಿಂದ ಓಡಿಸಿಬಿಡಿ ಅಮ್ಮಾ, ಶೆಡ್ಡಿನ ಕರಾರು ಈಗಲೂ ಮೇಸ್ತ್ರಿಯ ಹೆಸರಿನಲ್ಲೇ ಇದೆ ಎಂದು ಯಜಮಾನ ಹೇಳಿದ. ಅದೂ ನನಗೆ ಗೊತ್ತಿತ್ತು. ಓಡಿಸಿದರೆ ಇನ್ನೊಂದು ಕಡೆ ಹೋಗಿ ಹೊಸ ಮನುಷ್ಯನಾಗುತ್ತಾನೆ. ಇಲ್ಲೇ ಇರಲಿ ಎಂದೆ.

ಬೋರ್ಡನ್ನು ಅವನ ಕೈಯಿಂದಲೇ ತೆಗೆಸಿದೆ. ಆ ಮೊಳೆಗೆ ವ್ಯಾನಿನ ತೋಳನ್ನು ನೇತುಹಾಕಿಸಿದೆ. ಶಟರ್ ಎತ್ತಿದ ಕೂಡಲೇ ಎದುರಿಗೆ ಅದು. ಸೀಸೆಯನ್ನು ನಾನು ಮನೆಗೆ ತಂದೆ.

ಅವತ್ತಿನಿಂದ ಆ ಶೆಡ್ಡಿನಲ್ಲಿ ಕೆಂಪು ಗುರುತು ಎಳೆಯುವವಳು ನಾನು. ನಾನು ಗುಂಡಿಗೆ ಇಳಿದು ಪಿನ್ನು ಮುಟ್ಟಿ ನೋಡಿ ಗೆರೆ ಎಳೆಯುವವರೆಗೆ ಗಾಡಿ ಹೊರಗೆ ಹೋಗುವಂತಿಲ್ಲ. ಗಿರಾಕಿಗಳೇ ಬಿಡುವುದಿಲ್ಲ, ಅಮ್ಮ ನೋಡಿದರಾ ಎಂದು ಕೇಳುತ್ತಾರೆ. ಹಾಗಾಗಿ ಪ್ರತಿ ಗಾಡಿಗೂ ಮೈದುನ ನನ್ನ ಬಾಗಿಲಿಗೆ ಬರಬೇಕು. ಹೊರಗೆ ನಿಂತು, ಬೀದಿಗೆ ಕೇಳುವಂತೆ, “ಅತ್ತಿಗೆ, ಪಿನ್ನು ಹಾಕಿದ್ದೀನಿ, ಬಂದು ನೋಡಿ” ಎನ್ನಬೇಕು. ಮೊದಲ ಸಲ ಕರೆದಾಗ ನನಗೆ ಕೇಳಿಸುವುದಿಲ್ಲ. ನಮ್ಮವರ ಬಲಗಿವಿ ಈಗ ನನಗೆ ಬಂದಿದೆ.

ಸಂಜೆ ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತೇನೆ. ಗಾಡಿ ಹಂಪ್ ಇಳಿದರೆ ಇದು ಇಂಥದ್ದು ಎಂದು ಹೇಳಿಕೊಳ್ಳುತ್ತೇನೆ. ಅಲ್ಲ ಎನ್ನುವವರಿಲ್ಲ. ಹೊಟ್ಟೆಯಲ್ಲಿ ಹೊತ್ತಿದ್ದು ಇನ್ನೂ ಆರಿಲ್ಲ. ಆರುವುದು ಬೇಡ.

ನಿನ್ನೆ ಶೆಡ್ಡಿಗೆ ನಾಲ್ಕು ಗಾಡಿ ಬಂದಿದ್ದವು. ಎಂಟು ಸಲ ಕರೆದ.